ಕಾಟಾ ಲೈಬ್ರರಿ, ಹಳೆಯ ಜಾರ್‌ಗಳು ಮತ್ತು ಒಂದು ಕಂಪೈಲರ್ ಆಯ್ಕೆ

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಲಾರಿ ತೂಗುವ ಕಾಟಾಗಳೆಲ್ಲ ಒಂದೇ ಕಂಪನಿಯವಲ್ಲ. ಪ್ರತಿಯೊಂದರ ಇಂಡಿಕೇಟರ್ ಸೀರಿಯಲ್ ಪೋರ್ಟಿಗೆ ತನ್ನದೇ ಧಾಟಿಯಲ್ಲಿ ಅಂಕಿ ಕಳಿಸುತ್ತದೆ. ಒಂದು ತೂಕದ ಮುಂದೆ ಸೊನ್ನೆ ತುಂಬುತ್ತದೆ, ಇನ್ನೊಂದು ಕೊನೆಗೆ ಒಂದು ಅಕ್ಷರ ಅಂಟಿಸುತ್ತದೆ. ಹೀಗಾಗಿ ನನ್ನ ಬಿಲ್ಲಿಂಗ್ ತಂತ್ರಾಂಶದಲ್ಲಿ ತೂಕ ಓದುವ ಕೆಲಸವನ್ನು ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಇಂಟರ್‌ಫೇಸ್‌ಗೆ, ಅಂದರೆ ಯಾವ ಯಾವ ಕೆಲಸ ಇರಬೇಕು ಎಂದು ಹೇಳುವ ಒಪ್ಪಂದಕ್ಕೆ, ಬಿಟ್ಟಿದ್ದೇನೆ. ಹೆಸರು ಕಾಟಾರೀಡರ್. ಯಾವ ಮಿಲ್‌ನಲ್ಲಿ ಯಾವ ಕಾಟಾ ಇದೆಯೋ ಅದಕ್ಕೆ ತಕ್ಕ ಪ್ಲಗಿನ್ ಜಾರ್ ಕಡತವನ್ನು (ಕಂಪೈಲ್ ಆದ ಕ್ಲಾಸ್‌ಗಳ ಕಟ್ಟು) ಒಂದು ಫೋಲ್ಡರ್‌ಗೆ ಹಾಕಿದರೆ ಸಾಕು.

ಆ ಜಾರ್‌ಗಳನ್ನೆಲ್ಲ ನಾನೇ ಬರೆದಿಲ್ಲ ಎಂಬಲ್ಲಿಂದ ಕಥೆ ಶುರುವಾಗುತ್ತದೆ. ಬೀದರಿನ ಗೆಳೆಯರೊಬ್ಬರು ಜಾವಾದಲ್ಲಿ ಬರೆಯುತ್ತಾರೆ. ಯಾದಗಿರಿಯ ಒಂದು ಮಿಲ್‌ನಲ್ಲಿರುವ ಜಾರ್ ಕೋಟ್ಲಿನ್‌ನದು. ಬರೆದ ಹುಡುಗ ಕೆಲಸ ಸಿಕ್ಕಿ ಊರು ಬಿಟ್ಟಿದ್ದಾನೆ, ಮೂಲ ಸಂಕೇತ ಯಾರ ಬಳಿಯೂ ಇಲ್ಲ. ಮತ್ತೆ ಕಂಪೈಲ್ ಮಾಡಿ ಎಂದು ಹೇಳುವುದಕ್ಕೆ ಅಲ್ಲಿ ಯಾರೂ ಇಲ್ಲ. ಮಿಲ್‌ನ ದಿವಾನಜಿಗೆ ಆ ಜಾರ್ ಎಂದರೆ ಲಾರಿ ನಿಂತಾಗ ಚೀಟಿ ಬರಬೇಕು, ಅಷ್ಟೇ.

ತೊಗರಿ ಸುಗ್ಗಿ ಡಿಸೆಂಬರ್‌ನಿಂದ ಬಿಸಿಯಾಗುತ್ತದೆ. ಅದಕ್ಕೂ ಮುಂಚೆ ಒಬ್ಬ ಸಾಹುಕಾರರು, "ಲಾರಿ ಅಲುಗಾಡುತ್ತಿರುವಾಗಲೇ ತೂಕ ಹಿಡಿದು ಚೀಟಿ ಕೊಡುತ್ತಿದೆ ನೋಡಿರಿ, ಇದನ್ನು ನಿಲ್ಲಿಸಿರಿ" ಎಂದರು. ನ್ಯಾಯವಾದ ಮಾತು. ಕಾಟಾರೀಡರ್‌ಗೆ ಈಸ್‌ಸ್ಟೇಬಲ್ ಎಂಬ ಹೊಸ ಮೆಥಡ್ (ಹೆಸರಿಟ್ಟು ಕರೆಯುವ ಸಂಕೇತದ ತುಣುಕು) ಸೇರಿಸಿ, ಸತತ ಕೆಲವು ಓದುಗಳು ಒಂದೇ ಇದ್ದರೆ ಮಾತ್ರ ಸರಿ ಎನ್ನುವ ಒಡಲನ್ನು ಅಲ್ಲೇ ಬರೆದರೆ, ಎಲ್ಲ ಪ್ಲಗಿನ್‌ಗಳಿಗೂ ಅದು ತಾನಾಗಿ ಸಿಗಬೇಕು. ಮೂಲ ಸಂಕೇತದ ಮಟ್ಟದಲ್ಲಿ ಸಿಗುತ್ತದೆ ಕೂಡ. ಕಂಪೈಲ್ ಆಗಿ ಕುಳಿತ ಜಾರ್‌ಗೆ ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಜಾವಾ ಇಂಟರ್‌ಫೇಸ್‌ಗಳಿಗೆ ಡೀಫಾಲ್ಟ್ ಮೆಥಡ್, ಅಂದರೆ ಇಂಟರ್‌ಫೇಸ್‌ನಲ್ಲೇ ಒಡಲಿರುವ ಮೆಥಡ್, ಬಂದದ್ದು 2014ರ ಜಾವಾ 8ರಲ್ಲಿ. 2016ರಲ್ಲಿ ಹೊರಬಂದ ಕೋಟ್ಲಿನ್ 1.0 ಜಾವಾ 6ರ ಮೇಲೂ ಓಡಬೇಕಿತ್ತು, ಆದ್ದರಿಂದ ಆ ಸೌಲಭ್ಯವನ್ನು ಬಳಸಲಾಗಲಿಲ್ಲ. ಅದು ಹಿಡಿದ ದಾರಿ ಹೀಗೆ: ಇಂಟರ್‌ಫೇಸ್‌ನಲ್ಲಿ ಮೆಥಡ್ ಅಬ್‌ಸ್ಟ್ರಾಕ್ಟ್ (ಒಡಲಿಲ್ಲದ್ದು) ಆಗಿಯೇ ಉಳಿಯುತ್ತದೆ, ಒಡಲು ಡೀಫಾಲ್ಟ್‌ಇಂಪ್ಲ್ಸ್ ಎಂಬ ಒಳಗಿನ ಕ್ಲಾಸ್‌ಗೆ ಸ್ಟ್ಯಾಟಿಕ್ ಮೆಥಡ್ ಆಗಿ ಹೋಗುತ್ತದೆ. ಇಂಟರ್‌ಫೇಸನ್ನು ಜಾರಿಗೊಳಿಸುವ ಪ್ರತಿ ಕೋಟ್ಲಿನ್ ಕ್ಲಾಸ್‌ನೊಳಗೆ ಕಂಪೈಲರ್ ಒಂದು ಪುಟ್ಟ ಮೆಥಡ್ ಬರೆದು, ಅದು ಡೀಫಾಲ್ಟ್‌ಇಂಪ್ಲ್ಸ್ ಅನ್ನು ಕರೆಯುವಂತೆ ಮಾಡುತ್ತದೆ. ಯಾದಗಿರಿಯ ಜಾರ್ ಬಿಚ್ಚಿ, ಕಂಪೈಲ್ ಆದ ಕ್ಲಾಸ್‌ನ ಒಳಗನ್ನು ತೋರಿಸುವ ಜಾವಾಪಿ ಉಪಕರಣಕ್ಕೆ ಕೊಟ್ಟಾಗ ಇದೇ ಕಂಡಿತು. ಕ್ವಿಂಟಲ್‌ಗೆ ಪರಿವರ್ತಿಸುವ ನನ್ನ ಹಳೆಯ ಮೆಥಡ್ ಅವನ ಕ್ಲಾಸ್‌ನಲ್ಲಿ ಅವನು ಬರೆಯದೆಯೇ ಕುಳಿತಿತ್ತು, ಒಳಗೆ ಡೀಫಾಲ್ಟ್‌ಇಂಪ್ಲ್ಸ್‌ಗೆ ಒಂದು ಕರೆ. ಜಾವಾಪಿ ಓಡಿಸುವಾಗ ಪಿ ಮತ್ತು ಸಿ ಎರಡೂ ಆಯ್ಕೆ ಕೊಡಿ. ಬರೀ ಹೆಸರುಗಳ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ, ಕರೆ ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ.

ಆ ಪುಟ್ಟ ಮೆಥಡ್ ಹುಟ್ಟುವುದು ಪ್ಲಗಿನ್ ಕಂಪೈಲ್ ಆಗುವ ಹೊತ್ತಿನಲ್ಲಿ. ಈಸ್‌ಸ್ಟೇಬಲ್ ಆಗ ಇರಲೇ ಇಲ್ಲ. ನನ್ನ ಲೈಬ್ರರಿಯ ಹಳೆಯ ಕ್ರಮದಲ್ಲೇ, ಅಂದರೆ ಕೋಟ್ಲಿನ್ ಕಂಪೈಲರ್‌ನ ಎಕ್ಸ್‌ಜೆವಿಎಂ-ಡೀಫಾಲ್ಟ್ ಆಯ್ಕೆ 'ಡಿಸೇಬಲ್' ಇದ್ದಾಗ, ಹೊಸ ಲೈಬ್ರರಿಯನ್ನು ಹಳೆಯ ಜಾರ್ ಜೊತೆ ಪರೀಕ್ಷೆಗೆ ಓಡಿಸಿದೆ. ತಂತ್ರಾಂಶ ಸರಾಗವಾಗಿ ತೆರೆಯಿತು, ಪ್ಲಗಿನ್ ಲೋಡ್ ಆಯಿತು, ಪೋರ್ಟ್ ತೆರೆಯಿತು. ತೂಕದ ಗುಂಡಿ ಒತ್ತಿದಾಗ ಅಬ್‌ಸ್ಟ್ರಾಕ್ಟ್‌ಮೆಥಡ್‌ಎರರ್, ಅಂದರೆ ಕರೆದ ಮೆಥಡ್‌ಗೆ ಒಡಲೇ ಇಲ್ಲ ಎಂಬ ದೋಷ. ಇದರ ಕೆಡುಕು ಇಲ್ಲಿಯೇ ಇದೆ: ಜೆವಿಎಂ (ಕಂಪೈಲ್ ಆದ ಜಾವಾ, ಕೋಟ್ಲಿನ್ ಸಂಕೇತವನ್ನು ಓಡಿಸುವ ವ್ಯವಸ್ಥೆ) ದೂರುವುದು ಕರೆಯ ಕ್ಷಣದಲ್ಲಿ, ಲೋಡ್ ಆಗುವಾಗಲ್ಲ. ಬೆಳಿಗ್ಗೆ ತೆರೆದು ನೋಡಿ ಎಲ್ಲ ಸರಿ ಎಂದವರಿಗೆ ಮೊದಲ ಲಾರಿ ಕಾಟಾ ಏರಿದಾಗ ಗೊತ್ತಾಗುತ್ತದೆ.

ಹಾಗಾದರೆ ಜಾವಾ 8ರ ನಿಜವಾದ ಡೀಫಾಲ್ಟ್ ಮೆಥಡ್‌ಗಳಿಗೆ ಬದಲಾಗಬೇಕು. ಕೋಟ್ಲಿನ್ 1.4ರಲ್ಲಿ ಅದಕ್ಕೆ ಅದೇ ಆಯ್ಕೆಗೆ ಎರಡು ಮೌಲ್ಯಗಳು ಬಂದವು: 'ಆಲ್' ಮತ್ತು 'ಆಲ್-ಕಂಪ್ಯಾಟಿಬಿಲಿಟಿ'. 'ಆಲ್' ಕೊಟ್ಟರೆ ಒಡಲು ಇಂಟರ್‌ಫೇಸ್‌ನೊಳಗೇ ಉಳಿಯುತ್ತದೆ, ಡೀಫಾಲ್ಟ್‌ಇಂಪ್ಲ್ಸ್ ಹುಟ್ಟುವುದಿಲ್ಲ. ಬೈಟ್‌ಕೋಡ್ (ಕಂಪೈಲ್ ಆದ ಸಂಕೇತ) ಚೊಕ್ಕ, ಜಾರ್ ಚಿಕ್ಕದು. ನನ್ನ ಜೊತೆಗಾರನಿಗೆ ಇದೇ ಇಷ್ಟವಾಗಿತ್ತು. ಅದನ್ನೂ ಹಳೆಯ ಜಾರ್ ಜೊತೆ ಓಡಿಸಿದೆವು. ಈಸ್‌ಸ್ಟೇಬಲ್ ಕೆಲಸ ಮಾಡಿತು, ಏಕೆಂದರೆ ಕ್ಲಾಸ್‌ನಲ್ಲಿ ಇಲ್ಲದ್ದನ್ನು ಜೆವಿಎಂ ಇಂಟರ್‌ಫೇಸ್‌ನಲ್ಲಿ ಹುಡುಕಿ ತಂದಿತು. ಆದರೆ ಅಷ್ಟು ವರ್ಷ ನಡೆಯುತ್ತಿದ್ದ ಕ್ವಿಂಟಲ್ ಪರಿವರ್ತನೆ ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಎಂದಿತು. ಅದು ಕರೆಯುತ್ತಿದ್ದ ಡೀಫಾಲ್ಟ್‌ಇಂಪ್ಲ್ಸ್ ಈಗ ಇಲ್ಲವಲ್ಲ!

'ಆಲ್-ಕಂಪ್ಯಾಟಿಬಿಲಿಟಿ' ಎರಡನ್ನೂ ಇಟ್ಟುಕೊಳ್ಳುತ್ತದೆ. ಗಂಜ್‌ನಲ್ಲಿ ಅಂಗಡಿ ಬದಲಾಯಿಸಿದವರು ಹಳೆಯ ಬಾಗಿಲ ಮೇಲೆ ಹೊಸ ವಿಳಾಸ ಬರೆದು ಹೋಗುವಂತೆ, ಡೀಫಾಲ್ಟ್‌ಇಂಪ್ಲ್ಸ್ ಅಲ್ಲೇ ಇರುತ್ತದೆ, ಅದರೊಳಗೆ ಈಗ ಒಡಲಿಲ್ಲ, ಇಂಟರ್‌ಫೇಸ್‌ನ ಡೀಫಾಲ್ಟ್ ಮೆಥಡ್‌ಗೆ ದಾರಿ ಮಾತ್ರ. ಹಳೆಯ ಜಾರ್‌ನ ಹಳೆಯ ಕರೆಗಳೂ ಹೊಸ ಮೆಥಡ್ಡೂ ಎರಡೂ ನಡೆದವು. ಬೀದರಿನ ಗೆಳೆಯರಿಗೆ ಇನ್ನೊಂದು ಲಾಭ. ಹಳೆಯ ಕ್ರಮದಲ್ಲಿ ಜಾವಾ ಕ್ಲಾಸ್ ಕಣ್ಣಿಗೆ ನನ್ನ ಎಲ್ಲ ಮೆಥಡ್‌ಗಳೂ ಅಬ್‌ಸ್ಟ್ರಾಕ್ಟ್, ಆದ್ದರಿಂದ ಅವರು ಪ್ರತಿಯೊಂದನ್ನೂ ಕೈಯಾರೆ ಬರೆದು ಡೀಫಾಲ್ಟ್‌ಇಂಪ್ಲ್ಸ್ ಕರೆಯುತ್ತಿದ್ದರು. ಈಗ ಬೇಕಾದದ್ದಷ್ಟೇ ಬರೆಯಬಹುದು.

ಡೀಫಾಲ್ಟ್‌ಇಂಪ್ಲ್ಸ್ ಅನ್ನು ಕರೆಯುವವರು ಪ್ಲಗಿನ್ ಬರೆದವರು ಮಾತ್ರ ಎಂದು ತಿಳಿಯಬೇಡಿ. ಇಂಟರ್‌ಫೇಸ್‌ನ ಮೆಥಡ್‌ಗೆ ಪೂರ್ವನಿಗದಿತ ಮೌಲ್ಯದ ಪ್ಯಾರಾಮೀಟರ್ ಇದ್ದರೆ, ಉದಾಹರಣೆಗೆ ಎಷ್ಟು ಹೊತ್ತು ಕಾಯಬೇಕು ಎಂಬುದು, ಹಳೆಯ ಕ್ರಮದಲ್ಲಿ ಕಂಪೈಲರ್ ಅದಕ್ಕೊಂದು ಸಹಾಯಕ ಮೆಥಡ್ ಹುಟ್ಟಿಸಿ ಡೀಫಾಲ್ಟ್‌ಇಂಪ್ಲ್ಸ್‌ನಲ್ಲೇ ಇಡುತ್ತದೆ. ಮೆಥಡ್‌ಗೆ ಒಡಲೇ ಇಲ್ಲದಿದ್ದರೂ ಹೀಗೆಯೇ. ಆ ಮೌಲ್ಯ ಕೊಡದೆ ಕರೆದ ಪ್ರತಿ ಕಡೆಯೂ ಅದರ ಹೆಸರು ಕೆತ್ತಿಕೊಂಡಿರುತ್ತದೆ. ನಮ್ಮ ವರದಿ ಮಾಡುವ ಜಾರ್ ಯಾವ ಇಂಟರ್‌ಫೇಸನ್ನೂ ಜಾರಿಗೊಳಿಸುವುದಿಲ್ಲ, ಬರೀ ಕರೆಯುತ್ತದೆ. 'ಆಲ್' ಹಾಕಿದ್ದರೆ ಅದೂ ಬೀಳುತ್ತಿತ್ತು.

ಈ ಆಯ್ಕೆಯಿಂದ ಎಲ್ಲ ರೋಗ ವಾಸಿಯಾಗುವುದಿಲ್ಲ. ಇದ್ದ ಮೆಥಡ್‌ಗೆ ಇನ್ನೊಂದು ಪ್ಯಾರಾಮೀಟರ್ ಸೇರಿಸಿ ಪೂರ್ವನಿಗದಿತ ಮೌಲ್ಯ ಕೊಟ್ಟರೆ ಮೂಲ ಸಂಕೇತ ಹಾಗೇ ಕಂಪೈಲ್ ಆಗುತ್ತದೆ, ಆದರೆ ಮೆಥಡ್‌ನ ಸಹಿ (ಹೆಸರು, ಪ್ಯಾರಾಮೀಟರ್‌ಗಳ ಒಟ್ಟು ರೂಪ) ಬದಲಾದ್ದರಿಂದ ಹಳೆಯ ಜಾರ್ ನೋಸಚ್‌ಮೆಥಡ್‌ಎರರ್ ಕೊಡುತ್ತದೆ. ನಾನು ಹಳೆಯ ಮೆಥಡ್ ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಬರೆಯುತ್ತೇನೆ. ಇನ್ನೊಂದು ಅಪರೂಪದ ಪ್ರಸಂಗ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಇಂಟರ್‌ಫೇಸ್‌ಗಳನ್ನು ಒಂದೇ ಕ್ಲಾಸ್ ಜಾರಿಗೊಳಿಸಿ, ಎರಡರಲ್ಲೂ ಒಂದೇ ಸಹಿಯ ಡೀಫಾಲ್ಟ್ ಮೆಥಡ್ ಬಂದರೆ ಇನ್‌ಕಂಪ್ಯಾಟಿಬಲ್‌ಕ್ಲಾಸ್‌ಚೇಂಜ್‌ಎರರ್ ಬರಬಹುದು. ಜಾವಾ ಭಾಷೆಯ ನಿರ್ದಿಷ್ಟತೆಯೇ ಇದನ್ನು ಎಚ್ಚರಿಸುತ್ತದೆ. ಹೊಸ ಮೆಥಡ್‌ಗೆ 'ಸ್ಟಾರ್ಟ್', 'ಕ್ಲೋಸ್' ಥರದ ಸಾಮಾನ್ಯ ಹೆಸರು ಇಡದಿರುವುದೇ ನನ್ನ ಪರಿಹಾರ.

ಈಗ ಹೊರಗೆ ಹೋದ ಪ್ರತಿ ಪ್ಲಗಿನ್ ಜಾರ್‌ನ ಪ್ರತಿಯನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಲೈಬ್ರರಿ ಬಿಡುಗಡೆಗೆ ಮುನ್ನ ಒಂದು ಪರೀಕ್ಷೆ ಪ್ರತಿಯೊಂದನ್ನೂ ಲೋಡ್ ಮಾಡಿ ಇಂಟರ್‌ಫೇಸ್‌ನ ಎಲ್ಲ ಮೆಥಡ್‌ಗಳನ್ನೂ ಒಮ್ಮೆ ಕರೆಯುತ್ತದೆ. ಲೋಡ್ ಮಾಡಿ ಬಿಟ್ಟರೆ ಏನೂ ಸಾಬೀತಾಗುವುದಿಲ್ಲ. ಜೊತೆಗೆ ಜೆಟ್‌ಬ್ರೇನ್ಸ್‌ನ ಬೈನರಿ ಕಂಪ್ಯಾಟಿಬಿಲಿಟಿ ವ್ಯಾಲಿಡೇಟರ್ ಎಂಬ, ಗ್ರೇಡಲ್ ಬಿಲ್ಡ್ ಉಪಕರಣದ ಪ್ಲಗಿನ್ ಇದೆ. ಸಾರ್ವಜನಿಕ ಕ್ಲಾಸ್, ಮೆಥಡ್‌ಗಳ ಪಟ್ಟಿಯನ್ನು ಅದರ ಎಪಿಐಡಂಪ್ ಆಜ್ಞೆ ಒಂದು ಕಡತಕ್ಕೆ ಬರೆಯುತ್ತದೆ, ಎಪಿಐಚೆಕ್ ಆಜ್ಞೆ ಈಗಿನ ಲೈಬ್ರರಿಯನ್ನು ಆ ಕಡತದೊಂದಿಗೆ ಹೋಲಿಸುತ್ತದೆ. ಡೀಫಾಲ್ಟ್‌ಇಂಪ್ಲ್ಸ್ ಕೂಡ ಆ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತದೆ, ಯಾರಾದರೂ ಆಯ್ಕೆ ಬದಲಿಸಿದರೆ ಬಿಲ್ಡ್ ನಿಲ್ಲುತ್ತದೆ. ಆ ಕಡತವನ್ನು ಗಿಟ್‌ಗೆ ಸೇರಿಸುವುದನ್ನು ಮರೆಯಬೇಡಿ.

2025ರಲ್ಲಿ ಬಂದ ಕೋಟ್ಲಿನ್ 2.2ರಿಂದ ಈ ಆಯ್ಕೆ ಸ್ಥಿರಗೊಂಡಿದೆ. ಹೆಸರಿನ ಮುಂದಿದ್ದ ಎಕ್ಸ್ ಹೋಗಿ ಬರೀ ಜೆವಿಎಂ-ಡೀಫಾಲ್ಟ್ ಆಗಿದೆ, ಮೌಲ್ಯಗಳು 'ಎನೇಬಲ್', 'ನೋ-ಕಂಪ್ಯಾಟಿಬಿಲಿಟಿ', 'ಡಿಸೇಬಲ್'. ಏನೂ ಹೇಳದಿದ್ದರೆ 'ಎನೇಬಲ್', ಅದು ಎರಡನ್ನೂ ಇಟ್ಟುಕೊಳ್ಳುವ ಕ್ರಮ. 'ನೋ-ಕಂಪ್ಯಾಟಿಬಿಲಿಟಿ' ಎಂದರೆ ಹಳೆಯ 'ಆಲ್'. ಭಾಷೆಯನ್ನು ಕಟ್ಟುವವರೂ ಹೊಂದಾಣಿಕೆಯನ್ನೇ ಪೂರ್ವನಿಗದಿ ಮಾಡಿದ್ದು ನನಗೆ ಸಮಾಧಾನ ತಂದಿತು. ಆದರೂ ನಾನು ಅದನ್ನು ಬಿಲ್ಡ್ ಕಡತದಲ್ಲಿ ಬಿಡಿಸಿ ಬರೆದಿದ್ದೇನೆ, ಮುಂದೆ ಓದುವವರಿಗೆ ಇದು ಬೇಕೆಂದೇ ಇಟ್ಟದ್ದು ಎಂದು ತಿಳಿಯಲಿ. ಜೊತೆಗಾರ ಇನ್ನೂ 'ನೋ-ಕಂಪ್ಯಾಟಿಬಿಲಿಟಿ' ಎನ್ನುತ್ತಾನೆ. ಕಚೇರಿಯ ಒಳಗಷ್ಟೇ ಬಳಕೆಯಾಗುವ, ಎಲ್ಲವನ್ನೂ ಒಟ್ಟಿಗೆ ಕಂಪೈಲ್ ಮಾಡುವ ಮಾಡ್ಯೂಲ್‌ಗಳಲ್ಲಿ ಅವನ ಮಾತು ಒಪ್ಪಿದ್ದೇನೆ. ಕಾಟಾರೀಡರ್‌ಗೆ ಒಪ್ಪಿಲ್ಲ. ಯಾದಗಿರಿಯ ಮಿಲ್‌ನವರು ಆ ಇಂಡಿಕೇಟರ್ ಬದಲಿಸಿ, ಹಳೆಯ ಜಾರ್ ಅಲ್ಲಿಂದ ಹೋದ ಮೇಲೆ ಮತ್ತೆ ಮಾತಾಡೋಣ ಎಂದಿದ್ದೇನೆ.