ದಾದರ್ ಬ್ರಿಡ್ಜಿನ ಮೆಟ್ಟಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಧಾರವಾಡದಿಂದ ಮುಂಬೈಗೆ ಕೆಲಸಕ್ಕೆ ಬಂದ ಐದನೇ ತಿಂಗಳಿಗೆ ನನ್ನ ಎಡಗಾಲಿನ ಎಲುಬು ಬಿರುಕು ಬಿಟ್ಟಿತು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಮೊಣಕಾಲಿಗೂ ಪಾದಕ್ಕೂ ನಡುವೆ, ಎಲುಬಿನ ಒಳಬದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಸ್ಟ್ರೆಸ್ ಫ್ರಾಕ್ಚರ್ ಅಂತಾರೆ ಇದಕ್ಕೆ. ಒಂದೇ ಪೆಟ್ಟಿಗೆ ಆಗುವುದಲ್ಲ. ಸಣ್ಣ ಸಣ್ಣ ಏಟು ಬೀಳುತ್ತಲೇ ಇದ್ದು, ಎಲುಬಿಗೆ ಸುಧಾರಿಸಿಕೊಳ್ಳಲು ಪುರಸೊತ್ತು ಸಿಗದಿದ್ದಾಗ ಆಗುವುದು. ಈಗ ಮತ್ತೆ ಓಡುತ್ತಿದ್ದೇನೆ. ಊರು ಬಿಟ್ಟು ಇಲ್ಲಿಗೆ ಬಂದು ಓಡುವ ಯಾರಿಗಾದರೂ ನಾನು ಕಲಿತದ್ದು ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂತ ಇದನ್ನು ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ವಾರಕ್ಕೆ 30 ಕಿ.ಮೀ. ಓಡುತ್ತಿದ್ದೆ. ಯೂನಿವರ್ಸಿಟಿ ಕ್ಯಾಂಪಸ್ಸಿನ ರಸ್ತೆ, ಇಲ್ಲವಾದರೆ ಕಾಲೇಜಿನ ಮಣ್ಣಿನ ಮೈದಾನ. ಆಫೀಸಿಗೆ ಸ್ಕೂಟಿಯಲ್ಲಿ ಹತ್ತು ನಿಮಿಷ. ಮುಂಬೈಗೆ ಬಂದ ಮೇಲೂ ಅದೇ 30 ಕಿ.ಮೀ. ಇಟ್ಟುಕೊಂಡೆ. ಏನೂ ಹೆಚ್ಚಿಸಿಲ್ಲ, ಹಾಗಿದ್ದಮೇಲೆ ಗಾಯ ಯಾಕಾಯಿತು ಅಂತ ತಲೆ ಕೆಡಿಸಿಕೊಂಡಿದ್ದೆ. ಗಾಯದ ಕಾಲು ಅಲ್ಲಾಡದಂತೆ ಹಿಡಿಯುವ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಮನೆಯಲ್ಲಿ ಕೂತಾಗ ಒಂದು ನೋಟ್‌ಬುಕ್ ತೆಗೆದು ದಿನದ ಲೆಕ್ಕ ಬರೆದೆ.

ನಾನಿರುವ ಕಾಕುನ (ಚಿಕ್ಕಮ್ಮನ) ಮನೆಯಿಂದ ಡೊಂಬಿವಲಿ ಸ್ಟೇಷನ್‌ಗೆ 18 ನಿಮಿಷ ನಡಿಗೆ. ಅಲ್ಲಿ ಹಳಿ ದಾಟುವ ಬ್ರಿಡ್ಜ್ ಹತ್ತಿ ಇಳಿಯುವುದು. ಕೆಲವೇ ಸ್ಟೇಷನ್ನಿನಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ರೈಲಿನಲ್ಲಿ ದಾದರ್ ತನಕ ಮುಕ್ಕಾಲು ಗಂಟೆಗೂ ಜಾಸ್ತಿ ನಿಂತೇ. ದಾದರ್‌ನಲ್ಲಿ ಸೆಂಟ್ರಲ್ ಲೈನಿಂದ ವೆಸ್ಟರ್ನ್ ಲೈನಿಗೆ ಮತ್ತೆ ಬ್ರಿಡ್ಜ್. ಲೋವರ್ ಪರೇಲ್‌ನಲ್ಲಿ ಇಳಿದು ಇನ್ನೊಂದು ಬ್ರಿಡ್ಜ್, ಆಮೇಲೆ 12 ನಿಮಿಷ ನಡಿಗೆ. ಸಂಜೆ ಇದೇ ಉಲ್ಟಾ. ದಿನಕ್ಕೆ ಒಟ್ಟು 11,000 ಹೆಜ್ಜೆ, ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಸುಮಾರು ಎರಡು ಗಂಟೆ ನಿಲ್ಲುವುದು. ಧಾರವಾಡದಲ್ಲಿ ಇದರ ಕಾಲು ಭಾಗವೂ ಇರಲಿಲ್ಲ. ಇದರ ಮೇಲೆ 30 ಕಿ.ಮೀ. ಓಟ, ಐದೂವರೆ ಗಂಟೆ ನಿದ್ದೆ.

ಇದು ವ್ಯಾಯಾಮ, ಇದು ಆಫೀಸಿನ ದಾರಿ ಅಂತ ಎಲುಬಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಬಿದ್ದ ಭಾರವೆಲ್ಲ ಒಂದೇ ಖಾತೆಗೆ ಜಮಾ ಆಗುತ್ತದೆ.

ಹಾಗಾಗಿ ಹೊಸದಾಗಿ ಬಂದಿದ್ದರೆ ಮೊದಲ ವಾರ ಓಡಲೇಬೇಡಿ. ಫೋನನ್ನು ಜೇಬಲ್ಲಿ ಇಟ್ಟುಕೊಂಡು ಓಡಾಡಿ, ದಿನಕ್ಕೆ ಎಷ್ಟು ಹೆಜ್ಜೆ, ಎಷ್ಟು ಬ್ರಿಡ್ಜ್, ಎಷ್ಟು ಹೊತ್ತು ನಿಂತಿರಿ ಅಂತ ಬರೆದಿಡಿ. ಆಮೇಲೆ ಊರಲ್ಲಿ ಓಡುತ್ತಿದ್ದ ಅರ್ಧದಿಂದ ಶುರು ಮಾಡಿ. 30 ಓಡುತ್ತಿದ್ದವರು 15. ಒಂದು ತಿಂಗಳು ಅಷ್ಟೇ ಇರಲಿ. ಕಡಿಮೆ ಅನ್ನಿಸುತ್ತದೆ, ನನಗೆ ಗೊತ್ತು. ಹೊಸ ಊರಲ್ಲಿ ಬೆಳಗಿನ ಓಟವೊಂದೇ ನಮ್ಮದು ಅನ್ನಿಸುವ ಕಾಲ ಅದು. ನಾನಂತೂ ಮನೆ ನೆನಪಾದಾಗಲೆಲ್ಲ ಶೂ ಹಾಕುತ್ತಿದ್ದೆ. ಆದರೂ ಅರ್ಧಕ್ಕೇ ನಿಲ್ಲಿಸಿ.

ನೋವನ್ನು ಬೆರಳಿಂದ ಹುಡುಕಿ

ಕಾಲಿನ ಮುಂಭಾಗದ ನೋವೆಲ್ಲ ಬಿರುಕಲ್ಲ. ಓಟಗಾರರಿಗೆ ಸಾಮಾನ್ಯವಾಗಿ ಬರುವುದು ಶಿನ್ ಸ್ಪ್ಲಿಂಟ್. ಎಲುಬಿನ ಒಳ ಅಂಚಿನಲ್ಲಿ ನಾಲ್ಕೈದು ಬೆರಳಗಲ, ಕೆಲವೊಮ್ಮೆ ಇನ್ನೂ ಉದ್ದಕ್ಕೆ ಹರಡಿದ ನೋವು. ಓಟ ಶುರುವಿನಲ್ಲಿ ನೋಯುತ್ತದೆ, ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ. ಬಿರುಕಿನ ನೋವು ಹಾಗಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಬೆರಳಿಟ್ಟು ಒತ್ತಿದರೆ ಜೀವ ಹೋದ ಹಾಗೆ ಆಗುತ್ತದೆ. ಓಡಿದಷ್ಟೂ ಹೆಚ್ಚಾಗುತ್ತದೆ. ಆಮೇಲಾಮೇಲೆ ನಡೆದರೂ ನೋವು, ರಾತ್ರಿ ಮಲಗಿದಾಗಲೂ ನೋವು.

ನನಗೆ ಗೊತ್ತಾಗಿದ್ದು ದಾದರ್ ಬ್ರಿಡ್ಜಿನಲ್ಲಿ. ಸಂಜೆ ಏಳರ ಗರ್ದಿ. ಇಳಿಯುವಾಗ ಎಡಗಾಲು ಊರಿದ ಪ್ರತಿ ಮೆಟ್ಟಿಲಿಗೂ ಅದೇ ಒಂದು ಚುಕ್ಕೆಯಲ್ಲಿ ಮೊಳೆ ಹೊಡೆದ ಹಾಗೆ. ಹಿಂದಿನಿಂದ ಜನ ತಳ್ಳುತ್ತಿದ್ದರು, ನಿಲ್ಲುವ ಹಾಗಿಲ್ಲ. ಕಂಬಿ ಹಿಡಿದು ಅಂಚಿಗೆ ಬಂದು ಎಣಿಸುತ್ತಾ ಇಳಿದೆ. ಮನೆಗೆ ಬಂದಾಗ ಕಾಕು, "ಯಾಕವಾ, ಕಾಲು ಯಾಕ ಎಳಕೋತ ಬಂದಿ?" ಅಂದಳು. "ಏನಿಲ್ಲ ಕಾಕು, ದಣಿವು" ಅಂದೆ. ಮಾರನೇ ದಿನ ಮತ್ತೆ 5 ಕಿ.ಮೀ. ಓಡಿದೆ. ಆ ಐದು ಕಿ.ಮೀ.ಗೆ ಈಗಲೂ ಮನಸ್ಸು ನೋಯುತ್ತದೆ.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ, ಏನೂ ಇಲ್ಲ, ಸ್ನಾಯು ಸೆಳೆತ ಅಂದರು. ಹತ್ತು ದಿನ ಹಾಳಾಯಿತು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ಎಕ್ಸ್‌ರೇ ಸರಿಯಾಗಿದ್ದೂ ಒಂದೇ ಚುಕ್ಕೆಯಲ್ಲಿ ನೋವಿದ್ದರೆ ಓಡಬೇಡಿ, ಆಟಗಾರರನ್ನು ನೋಡುವ ಮೂಳೆ ಡಾಕ್ಟರ ಹತ್ತಿರ ಹೋಗಿ. ನೋವು ಎಲುಬಿನ ಮುಂದುಗಡೆ ನಟ್ಟನಡುವೆ ಇದ್ದರೆ ಇನ್ನೂ ಬೇಗ ಹೋಗಿ. ಅಲ್ಲಿನ ಬಿರುಕು ಕೂಡುವುದು ನಿಧಾನ, ಪೂರ್ತಿ ಮುರಿಯುವ ಭಯವೂ ಇದೆ.

ಹೆಣ್ಣುಮಕ್ಕಳು ಇನ್ನೊಂದನ್ನು ಡಾಕ್ಟರು ಕೇಳದಿದ್ದರೂ ಹೇಳಬೇಕು: ಮುಟ್ಟು ಸರಿಯಾಗಿ ಆಗುತ್ತಿದೆಯೇ ಅಂತ. ನನಗೆ ಎರಡು ತಿಂಗಳು ತಪ್ಪಿತ್ತು. ಹವಾ ಬದಲಾಗಿದ್ದಕ್ಕೆ ಇರಬೇಕು ಅಂದುಕೊಂಡಿದ್ದೆ. ನಿಜವಾದ ಕಾರಣ, ದೇಹ ಖರ್ಚು ಮಾಡುವಷ್ಟು ನಾನು ತಿನ್ನುತ್ತಿರಲಿಲ್ಲ. ಬೆಳಿಗ್ಗೆ 6.40ಕ್ಕೆ ಮನೆ ಬಿಡುವ ಗಡಿಬಿಡಿಯಲ್ಲಿ ಚಹಾ ಬಿಸ್ಕತ್ತು, ಮಧ್ಯಾಹ್ನ ಸಿಕ್ಕಿದ್ದು. ಊಟ ಸಾಲದಿದ್ದರೆ ದೇಹ ಮುಟ್ಟನ್ನು ನಿಲ್ಲಿಸಬಹುದು, ಅದರ ಹಾರ್ಮೋನು ಕಡಿಮೆಯಾದರೆ ಎಲುಬು ಸೊರಗುತ್ತದೆ. ಇದನ್ನು ಸಣ್ಣದು ಅಂತ ಬಿಡಬೇಡಿ.

ಬೂಟು ಹಾಕಿಕೊಂಡು ಲೋಕಲ್ ಹತ್ತುವುದು

ಮೊದಲ ಎರಡು ವಾರ ಮನೆಯಿಂದ ಕೆಲಸ ಮಾಡಿದೆ. ಆಮೇಲೆ ವಾಕಿಂಗ್ ಬೂಟಿನಲ್ಲೇ ಓಡಾಟ. ಈ ಬೂಟಿನ ಅಡಿ ದಪ್ಪ. ಇನ್ನೊಂದು ಕಾಲಿಗೆ ಚಪ್ಪಲಿ ಹಾಕಿದರೆ ಸೊಂಟ ಒಂದು ಕಡೆ ವಾಲಿ ನಾಲ್ಕೇ ದಿನಕ್ಕೆ ಬೆನ್ನು ಹಿಡಿಯುತ್ತದೆ. ನನಗೆ ಹಿಡಿಯಿತು. ಒಳ್ಳೆಯ ಕಾಲಿಗೆ ದಪ್ಪ ಅಡಿಯ ಶೂ ಹಾಕಿ, ಎರಡೂ ಸಮ ಮಾಡಿಕೊಳ್ಳಿ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಗಾಯದ ಕಾಲು ಮುಂದೆ, ಕೈ ಕಂಬಿಯ ಮೇಲೆ. ಒಂದು ಲೋಕಲ್ಲಿನ ಜನ ಪೂರ್ತಿ ಹೋಗುವ ತನಕ ಪ್ಲಾಟ್‌ಫಾರ್ಮಿನಲ್ಲಿ ನಿಂತುಬಿಡಿ. ಮೂರು ನಿಮಿಷ ತಡವಾಗುತ್ತದೆ, ಅಷ್ಟೇ. ಲೋಕಲ್ ಹಿಡಿಯಲು ಓಡುವುದನ್ನು ಶಾಶ್ವತವಾಗಿ ಬಿಡಿ. ಮೈ ಬಿಸಿಯಾಗದೆ, ಚಪ್ಪಲಿಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಓಡುವುದಕ್ಕಿಂತ ಕೆಟ್ಟ ಓಟ ಬೇರೆ ಇಲ್ಲ.

ಕೂರುವ ಉಪಾಯಗಳಿವೆ. ಕಲ್ಯಾಣದಿಂದ ಬರುವ ಗಾಡಿ ಬಿಟ್ಟು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹತ್ತಿ. ಸಿಗದಿದ್ದರೆ ಲೇಡೀಸ್ ಡಬ್ಬಿಯಲ್ಲಿ ಕೂತವರನ್ನು "ಕುಠೆ ಉತರಣಾರ್?" ಅಂತ ಕೇಳಿ. ಎಲ್ಲಿ ಇಳಿಯುತ್ತೀರಿ ಅಂತ. ಠಾಣೆ ಅಂದರೆ ಆ ಸೀಟು ಠಾಣೆಯಿಂದ ನಿಮ್ಮದು. ಇಲ್ಲಿನ ರೂಢಿ ಇದು, ಯಾರೂ ತಪ್ಪು ತಿಳಿಯುವುದಿಲ್ಲ. ಕೇಳಲು ನನಗೆ ಒಂದು ತಿಂಗಳು ನಾಚಿಕೆಯಾಗಿತ್ತು. ಕೇಳಿದ ಮೊದಲ ದಿನವೇ ಒಬ್ಬ ಮಾವಶಿ (ಇಲ್ಲಿ ಹಿರಿಯ ಹೆಂಗಸರನ್ನು ಹೀಗೆ ಕರೆಯುತ್ತಾರೆ) ಬೂಟು ನೋಡಿ ಎದ್ದು ನಿಂತರು. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರುವ ಚೌಥಿ ಸೀಟ್ ಮಾತ್ರ ಹುಷಾರು. ಅರ್ಧ ಕೂತು ಅರ್ಧ ನಿಂತ ಹಾಗೆ, ಭಾರವೆಲ್ಲ ಹೊರಗಿನ ಕಾಲಿಗೆ ಬೀಳುತ್ತದೆ. ಗಾಯದ ಕಾಲು ಒಳಗೆ ಬರುವ ಬದಿಯನ್ನು ಆರಿಸಿಕೊಳ್ಳಿ.

ದಾದರ್ ಬ್ರಿಡ್ಜ್ ತಪ್ಪಿಸಲು ಸ್ಲೋ ಲೋಕಲ್‌ನಲ್ಲಿ ಸೆಂಟ್ರಲ್ ಲೈನಿನಲ್ಲೇ ಇರುವ ಪರೇಲ್ ತನಕ ಹೋಗಿ ಅಲ್ಲಿಂದ ಆಫೀಸಿಗೆ ಟ್ಯಾಕ್ಸಿ ಹಿಡಿಯುತ್ತಿದ್ದೆ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ, ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಆ ವಾರಗಳ ಟ್ಯಾಕ್ಸಿ ಖರ್ಚು ಭಾರ ಅನ್ನಿಸಿತು. ಆದರೆ ಮತ್ತೆ ಗಾಯವಾಗಿ ಎರಡನೇ ಎಂಆರ್‌ಐ ಮಾಡಿಸುವುದಕ್ಕಿಂತ ಕಡಿಮೆಯೇ.

ಕೂತ ತಿಂಗಳುಗಳು

ಊಟ ಸರಿ ಮಾಡಿಕೊಂಡೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯೇ ಎಲ್ಲ. ಇಲ್ಲಿ ಬಂದು ಬೆಳಿಗ್ಗೆ ರಾಗಿ ಅಂಬಲಿ, ಮಜ್ಜಿಗೆ ಹಾಕಿ ಕುಡಿಯುವುದು ಕಲಿತೆ. ಡೊಂಬಿವಲಿಯ ಅಂಗಡಿಯಲ್ಲಿ ರಾಗಿ ಅಂದರೆ ತಿಳಿಯದಿದ್ದರೆ ನಾಚಣಿ ಅನ್ನಿ, ಕೊಡುತ್ತಾರೆ. ರೊಟ್ಟಿಯ ಜೊತೆ ಎಳ್ಳಿನ ಚಟ್ನಿ, ಒಂದು ಬಟ್ಟಲು ಮೊಸರು, ಕಾಳಿನ ಪಲ್ಯ ಡಬ್ಬಿಗೆ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಲೋಕಲ್, ಹಗಲೆಲ್ಲ ಆಫೀಸು, ರಾತ್ರಿ ಲೋಕಲ್ ಆದರೆ ಬಿಸಿಲು ಮೈಗೆ ತಾಗುವುದೇ ಇಲ್ಲ. ನನಗೆ ತೀರಾ ಕಡಿಮೆ ಇತ್ತು.

ಡಾಕ್ಟರು ಒಪ್ಪಿದ ಮೇಲೆ ನೀರಿಗಿಳಿದೆ. ಶಿವಾಜಿ ಪಾರ್ಕ್ ಬಳಿ ಮಹಾನಗರಪಾಲಿಕೆಯ ಈಜುಕೊಳ ಇದೆ. ಈಜು ಬರದವರೂ ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ಓಡುವ ಹಾಗೆ ಕಾಲಾಡಿಸಬಹುದು. ಎಲುಬಿಗೆ ಏಟಿಲ್ಲ, ಉಸಿರು ಮಾತ್ರ ಓಟದಷ್ಟೇ ಏರುತ್ತದೆ.

ಜನವರಿಯ ಮುಂಬೈ ಮ್ಯಾರಥಾನ್‌ಗೆ 21 ಕಿ.ಮೀ.ಯ ಹಾಫ್‌ಗೆ ಹೆಸರು ಕೊಟ್ಟಿದ್ದೆ. ಬಿಟ್ಟೆ. ಆ ದಿನ ಪೆಡ್ಡರ್ ರೋಡಿನ ಏರಿನಲ್ಲಿ ನಿಂತು ಗೊತ್ತಿಲ್ಲದವರಿಗೆಲ್ಲ ಚಪ್ಪಾಳೆ ತಟ್ಟಿದೆ. ಕಣ್ಣೀರೂ ಹಾಕಿದೆ.

ಓಟ ನಿಂತರೆ ಓಟದ ಗೆಳೆಯರೂ ದೂರವಾಗುತ್ತಾರೆ, ಹೊಸ ಊರಲ್ಲಿ ಅದು ದೊಡ್ಡ ಪೆಟ್ಟು. ಆ ಭಾನುವಾರಗಳಿಗೆ ಬೇರೆ ಜಾಗ ಹುಡುಕಿಕೊಳ್ಳಿ. ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ, ಪಶ್ಚಿಮದ ಕಡೆ ಕರ್ನಾಟಕ ಸಂಘ ಇದೆ. ನಾಟಕ, ಸಂಗೀತ, ಭಾಷಣ ಏನಾದರೂ ಇರುತ್ತದೆ. ಪೂರ್ವದ ಮಾರ್ಕೆಟ್ಟಿನಲ್ಲಿ ಫಿಲ್ಟರ್ ಕಾಫಿ ಕುಡಿದು, ಮಲ್ಲಿಗೆ ದಂಡೆ ಮುಡಿದು, ಕನ್ನಡ ಕೇಳಿ ಬಂದರೆ ವಾರ ಕಳೆಯುತ್ತಿತ್ತು. ಬೆಂಚಿನ ಪಕ್ಕ ಕೂತ ಮಂಗಳೂರಿನ ಅಜ್ಜಿಯೊಬ್ಬರು ನನ್ನ ಬೂಟು ನೋಡಿ, "ಅವಸರ ಮಾಡ್ಬೇಡ ಮಗಾ" ಅಂದಿದ್ದರು. ಡಾಕ್ಟರೂ ಅದನ್ನೇ ಹೇಳಿದ್ದರು, ಆದರೆ ಕೇಳಿಸಿದ್ದು ಅವರ ಮಾತು.

ಮತ್ತೆ ಓಡುವುದು

ಎಂಟನೇ ವಾರಕ್ಕೆ ಬೂಟಿಲ್ಲದೆ ನಡೆಯುತ್ತಿದ್ದೆ. ತಕ್ಷಣ ಓಡಲಿಲ್ಲ. ನನ್ನ ಮೊದಲ ಪರೀಕ್ಷೆ ಮೈದಾನದಲ್ಲಲ್ಲ, ಲೋಕಲ್‌ನಲ್ಲಿ. ಐದು ದಿನ ಎಲ್ಲ ಬ್ರಿಡ್ಜ್ ಹತ್ತಿ ಇಳಿದು ಆಫೀಸಿಗೆ ಹೋಗಿ ಬಂದರೂ ಚುಕ್ಕೆಯಷ್ಟೂ ನೋವು ಇರಬಾರದು, ಮಾರನೇ ಬೆಳಿಗ್ಗೆಯೂ ಇರಬಾರದು. ಸ್ನಾಯುವಿನ ಗಾಯಕ್ಕೆ ಸ್ವಲ್ಪ ನೋವು ನಡೆಯುತ್ತದೆ ಅಂತಾರೆ. ಎಲುಬಿಗೆ ಆ ರಿಯಾಯಿತಿ ಇಲ್ಲ.

ಅಷ್ಟರಲ್ಲಿ ಮೀನಖಂಡ ಗಟ್ಟಿ ಮಾಡಿಕೊಳ್ಳಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ. ಮೊಣಕಾಲು ನೆಟ್ಟಗಿಟ್ಟು ಒಂದು ಸಲ, ಸ್ವಲ್ಪ ಬಗ್ಗಿಸಿ ಒಂದು ಸಲ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ, ಓಟದಲ್ಲಿ ಹೆಚ್ಚು ದುಡಿಯುವ ಒಳಗಿನ ಸ್ನಾಯುವಿಗೆ ಅದೇ ಬೇಕು. ಒಂದೇ ಕಾಲಲ್ಲಿ ಬಿಡದೆ 25 ಬರುವ ತನಕ ನಾನು ಕಾದೆ.

ಮೊದಲ ಓಟ ಶಿವಾಜಿ ಪಾರ್ಕಿನಲ್ಲಿ, ಜನವರಿ ಕೊನೆಯ ಶನಿವಾರ. ಕಟ್ಟೆಯ ಸುತ್ತ ಒಂದು ಸುತ್ತಿಗೆ ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಾಲ್ಕು ನಿಮಿಷ ನಡೆ, ಒಂದು ನಿಮಿಷ ಓಟ, ಹೀಗೆ ಆರು ಸಲ. ಆ ಮೊದಲ ಒಂದು ನಿಮಿಷ ಕಿವಿಯಲ್ಲಿ ಬೇರೇನೂ ಇಲ್ಲ, ಎಡಗಾಲು ಊರುವ ಸದ್ದು ಮಾತ್ರ. ನೋವಿರಲಿಲ್ಲ. ಮಾರನೇ ದಿನ ವಿಶ್ರಾಂತಿ. ನಂತರ ಎರಡು ಓಟ ನೋವಿಲ್ಲದೆ ಮುಗಿದರೆ ಓಟಕ್ಕೆ ಒಂದು ನಿಮಿಷ ಸೇರಿಸಿ, ನಡಿಗೆಯಲ್ಲಿ ಒಂದು ನಿಮಿಷ ಕಳೆಯುವುದು. ನೋವು ಬಂದರೆ ಹಿಂದಿನ ಮೆಟ್ಟಿಲಿಗೆ ಅಲ್ಲ, ಪೂರ್ತಿ ನಿಲ್ಲಿಸಿ ಡಾಕ್ಟರ ಹತ್ತಿರ. ಹೆಜ್ಜೆ ಚಿಕ್ಕದು ಮಾಡಿ. ಮೊದಲು ನಿಮಿಷಕ್ಕೆ 160 ಹೆಜ್ಜೆ ಇಡುತ್ತಿದ್ದೆ, ಈಗ 168. ಅಷ್ಟರಲ್ಲೇ ಕಾಲಿಗೆ ಬೀಳುವ ಏಟು ಇಳಿಯುತ್ತದೆ.

ಓಡುವ ದಿನ ಆದಷ್ಟು ಆಫೀಸಿನ ದಿನ ಆಗದ ಹಾಗೆ ನೋಡಿಕೊಳ್ಳಿ. ನನಗೆ ಶನಿವಾರ, ಸೋಮವಾರ, ಮತ್ತೆ ಮನೆಯಿಂದ ಕೆಲಸ ಮಾಡುವ ಬುಧವಾರ. ಈ ಮೂರರಲ್ಲಿ ಸೋಮವಾರ ಮಾತ್ರ ಆಫೀಸು ಇದೆ, ಅದಕ್ಕೇ ಅವತ್ತು ಮನೆ ಹತ್ತಿರವೇ, ಎಲ್ಲಕ್ಕಿಂತ ಚಿಕ್ಕ ಓಟ. ಭಾನುವಾರ ಓಡಲು ದೂರ ಹೋಗುವವರು ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು) ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿ, ಬೇಗ ಹೋಗಿ ಬೇಗ ಬನ್ನಿ. ಇಲ್ಲವಾದರೆ ಓಟದ ನಂತರ ಗರ್ದಿಯಲ್ಲಿ ಒಂದೂವರೆ ಗಂಟೆ ನಿಲ್ಲಬೇಕಾಗುತ್ತದೆ.

ಮಳೆಗಾಲದಲ್ಲಿ ಪೇವರ್ ಬ್ಲಾಕ್ ಪಾಚಿ ಹಿಡಿದು ಜಾರುತ್ತದೆ. ಡಾಂಬರು ರಸ್ತೆಯೇ ವಾಸಿ, ನೀರು ನಿಂತಲ್ಲಿ ಕಾಲಿಡಬೇಡಿ. ಒದ್ದೆ ಶೂಗೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ.

ಊರಿಗೆ ಹೋದಾಗಲೂ ಲೆಕ್ಕ ಬಿಡಬೇಡಿ. ಯುಗಾದಿಗೆ ಧಾರವಾಡಕ್ಕೆ ಹೋದಾಗ ತಂಪು ಗಾಳಿಗೆ ಕಾಲು ತಾನೇ ಓಡುತ್ತಿತ್ತು. ಆದರೆ ಅಲ್ಲಿ ಏರಿಳಿತ ಜಾಸ್ತಿ, ಮುಂಬೈನಲ್ಲಿ ಸಪಾಟು ನೆಲಕ್ಕೆ ಒಗ್ಗಿದ ಕಾಲು. ಇಳಿಜಾರಿನಲ್ಲೆಲ್ಲ ನಡೆದೆ. ಅವ್ವ ಗೇಟಿನಲ್ಲಿ ನಿಂತು, "ಇಷ್ಟ ಲಗೂನ ಬಂದ್ಯಾ?" ಅಂದಳು. ಮೂರು ಕಿ.ಮೀ. ಆಗಿತ್ತು, ಅವತ್ತಿನ ಪಾಲು ಅಷ್ಟೇ ಇತ್ತು.