ಕಾರ್ಬುರೇಟರ್ ನಟ್ ಸಡಿಲವಾಗುವುದು ನಿಂತದ್ದು ಹೀಗೆ

ನಮ್ಮ ಹಳೆಯ ಪೆಟ್ರೋಲ್ ಜೀಪಿನಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ನ ನಟ್‌ಗಳು ಎಷ್ಟೇ ಬಿಗಿ ಮಾಡಿದರೂ ಒಂದು ಘಾಟಿ ಹತ್ತಿಳಿಯುವಷ್ಟರಲ್ಲಿ ಸಡಿಲವಾಗುತ್ತಿದ್ದವು. ಐಡ್ಲಿಂಗ್ ಏರಿಳಿತ, ಬುಡದ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಸುತ್ತ ಪೆಟ್ರೋಲ್ ಕಲೆ. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಪಾಲು ಕಡಿಮೆಯಾಗಿ ಎಂಜಿನ್ ಬಿಸಿಯೇರುತ್ತದೆ, ಹಾಗಾಗಿ ತಳ್ಳಿಹಾಕುವ ಸಂಗತಿಯಲ್ಲ.

ನಟ್ ತಾನಾಗಿ ತಿರುಗುವುದಕ್ಕೆ ಮುಖ್ಯ ಕಾರಣ ಅಡ್ಡಡ್ಡ ಅಲುಗಾಟ. 1969ರಲ್ಲೇ ಎಂಜಿನಿಯರ್ ಗೆರ್‌ಹಾರ್ಡ್ ಯುಂಕರ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೀ ಸ್ಪ್ರಿಂಗ್ ವಾಷರ್ ಅದನ್ನು ತಡೆಯದು. ಹಾಗಾದರೆ ಅಲುಗಿಸುತ್ತಿರುವುದು ಯಾವುದು? ಏರ್ ಕ್ಲೀನರ್ ಬ್ರಾಕೆಟ್‌ನ ರಬ್ಬರ್ ಪುಡಿಪುಡಿಯಾಗಿತ್ತು. ಏರ್ ಕ್ಲೀನರ್ ಡಬ್ಬದ ಅಷ್ಟೂ ಭಾರ ಕಾರ್ಬುರೇಟರ್ ತಲೆಯ ಮೇಲೆ. ಹೊಸ ರಬ್ಬರ್ ಹಾಕಿದೆ.

ಕಾರ್ಬುರೇಟರ್ ಬಿಚ್ಚಿ ಬುಡವನ್ನು ಗಾಜಿನ ಮೇಲಿಟ್ಟರೆ ನಟ್ ಕೂರುವ ಎರಡು ಕಿವಿಗಳೂ ಬಗ್ಗಿದ್ದವು. ಅತಿಯಾಗಿ ಬಿಗಿ ಮಾಡಿದರೆ ಆಗುವುದೇ ಇದು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಮಟ್ಟಸವಾಗುವವರೆಗೆ ನಿಧಾನವಾಗಿ ಉಜ್ಜಿ, ಪುಡಿಯೆಲ್ಲ ತೊಳೆದೆ. ದಪ್ಪ ಗ್ಯಾಸ್ಕೆಟ್ ಬೇಡ, ಕುಗ್ಗಿದಷ್ಟೂ ಬಿಗಿ ಹೋಗುತ್ತದೆ.

ಥ್ರೆಡ್‌ಲಾಕರ್, ಅಂದರೆ ನಟ್ ತಿರುಗದಂತೆ ಹಿಡಿಯುವ ಅಂಟು, ಮೊದಲೇ ಹಾಕಬಾರದು. ಹೊಸ ಗ್ಯಾಸ್ಕೆಟ್ ಬಿಸಿಗೆ ಕೂರುತ್ತದೆ. ಆಮೇಲೆ ಮತ್ತೆ ಬಿಗಿ ಮಾಡಹೋದರೆ ಒಣಗಿದ ಅಂಟು ಒಡೆಯುತ್ತದೆ. ಒಂದು ಸುತ್ತು ಓಡಿಸಿ, ಪೂರ್ತಿ ತಣಿಸಿ, ಒಂದೊಂದೇ ನಟ್ ಬಿಚ್ಚಿ ಅದು ಕೂರುವ ಸ್ಟಡ್‌ನ (ಮರೆಯಿರುವ ಕಡ್ಡಿ) ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಹಾಕಲೇಬೇಡಿ, ಬಿಚ್ಚಲು ಬೆಂಕಿ ಬೇಕಾಗುತ್ತದೆ, ಪೆಟ್ರೋಲ್ ಪಕ್ಕದಲ್ಲಿ ಅದು ಅಪಾಯ. ಕೊನೆಗೆ ನಟ್‌ನಿಂದ ಕಾರ್ಬುರೇಟರ್ ಬುಡದ ಫ್ಲ್ಯಾಂಜ್‌ (ಚಪ್ಪಟೆ ಅಂಚು) ವರೆಗೆ ಬಿಳಿ ಪೇಂಟ್ ಗೆರೆ ಎಳೆದೆ. ಮಳೆಗಾಲವಿಡೀ ತೋಟದ ರಸ್ತೆಯಲ್ಲಿ ಓಡಿದರೂ ಗೆರೆ ಸರಿದಿಲ್ಲ.