ಡ್ರಿಪ್ ಸೆಟ್ ಹಾಕಿದ ಇಂಕ್ ಟ್ಯಾಂಕ್: ಹತ್ತು ಪುಟಕ್ಕೆ ಕಪ್ಪು ಮಸುಕಾದರೆ

ಪ್ರಿಂಟರ್‌ನ ಕಾರ್ಟ್ರಿಜ್‌ಗೆ ಹೊರಗಿನ ಟ್ಯಾಂಕಿನಿಂದ ಡ್ರಿಪ್ ಸೆಟ್ (ರೋಗಿಗೆ ಸಲೈನ್ ಹಾಕುವ ಟ್ಯೂಬ್) ಮೂಲಕ ಇಂಕ್ ಹೋಗುವಂತೆ ಮಾಡಿತ್ತು. ಮೊದಲ ಹತ್ತು ಪುಟ ಚೆನ್ನಾಗಿ ಬರುತ್ತಿತ್ತು, ಆಮೇಲೆ ಕಪ್ಪು ಗೆರೆಗೆರೆ. ಒಂದು ಗಂಟೆ ಬಿಟ್ಟರೆ ಮತ್ತೆ ಸರಿ. ಮಡಿಕೇರಿಯ ಮಳೆಗಾಲದ ತೇವದ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ತೇವದ ಕಾಗದದಲ್ಲಿ ಇಂಕ್ ಹರಡುತ್ತದೆ, ಮಾಯವಾಗುವುದಿಲ್ಲ.

ಹೆಡ್ (ಇಂಕ್ ಚಿಮ್ಮುವ ಭಾಗ) ಕ್ಲೀನಿಂಗ್‌ನಿಂದ ವೇಸ್ಟ್ ಪ್ಯಾಡ್ (ಚೆಲ್ಲಿದ ಇಂಕ್ ಹೀರುವ ಸ್ಪಂಜು) ತುಂಬಿತಷ್ಟೇ. ಇಂಕ್ ಬದಲಿಸಿದರೂ ಅದೇ ಕತೆ. ಟ್ಯಾಂಕನ್ನು ಡ್ರಿಪ್ ಬಾಟಲಿಯಂತೆ ಎತ್ತರದಲ್ಲಿ ನೇತುಹಾಕಿದರೆ ಹೆಡ್‌ನಿಂದ ಇಂಕ್ ತೊಟ್ಟಿಕ್ಕಿ ಬಣ್ಣ ಬೆರೆಯುತ್ತದೆ.

ಕಾರಣ ಟ್ಯಾಂಕಿನ ಗಾಳಿ ಫಿಲ್ಟರ್. ಇಂಕ್ ತಾಗಿ ಒದ್ದೆಯಾದರೆ ಗಾಳಿ ಒಳಗೆ ಹೋಗದು, ಇಂಕ್ ಮುಂದೆ ಸರಿಯದು. ಮುಚ್ಚಳ ಸಡಿಲಿಸಿದಾಗ ‘ಸುಸ್’ ಎಂದು ಗಾಳಿ ಎಳೆದರೆ ಇದೇ ರೋಗ.

ಬೇಕಾದದ್ದು ಅವಧಿ ಮುಗಿದ, ಸೀಲ್ ಒಡೆಯದ ಡ್ರಿಪ್ ಸೆಟ್, ತ್ರೀ-ವೇ (ಮೂರು ಬಾಯಿಯ ಪುಟ್ಟ ನಲ್ಲಿ), 10 ಎಂಎಲ್ ಸಿರಿಂಜ್. ರೋಗಿಗೆ ಬಳಸಿದ್ದನ್ನು ಮುಟ್ಟಲೇಬೇಡಿ.

ಪ್ರಿಂಟರನ್ನು ಅದರದೇ ಬಟನ್‌ನಿಂದ ಆಫ್ ಮಾಡಿ. ಹೆಡ್ ಮೂಲೆಗೆ ಹೋಗಿ ಮುಚ್ಚಿಕೊಳ್ಳಲಿ. ಡ್ರಿಪ್ ಟ್ಯೂಬಿನ ರೋಲರ್ (ಹರಿವು ತಡೆಯುವ ಚಕ್ರ) ಬಿಗಿ ಮಾಡಿ, ಟ್ಯಾಂಕಿಗೆ ಒಣ ಗಾಳಿ ಫಿಲ್ಟರ್ ಹಾಕಿ. ಅದು ಇಂಕ್ ಮಟ್ಟಕ್ಕಿಂತ ಮೇಲಿರಲಿ. ಡ್ರಿಪ್ ಚೇಂಬರ್ (ಹನಿ ಬೀಳುವ ಬುರುಡೆ) ಕತ್ತರಿಸಿ ತೆಗೆಯಿರಿ, ಗಾಳಿ ಕೂರುವುದೇ ಅಲ್ಲಿ. ಕಾರ್ಟ್ರಿಜ್ ಬಳಿ ತ್ರೀ-ವೇ ಕೂರಿಸಿ, ‘ಆಫ್’ ತೋಳನ್ನು ಕಾರ್ಟ್ರಿಜ್ ಕಡೆಗೆ ತಿರುಗಿಸಿ. ಈಗ ರೋಲರ್ ಪೂರ್ತಿ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಸಿರಿಂಜ್‌ನಿಂದ ನಿಧಾನ ಎಳೆಯಿರಿ. ಜೋರಾಗಿ ಎಳೆದರೆ ಜಾಯಿಂಟ್‌ನಲ್ಲೇ ಗಾಳಿ ನುಗ್ಗುತ್ತದೆ. ಆಮೇಲೆ ತೋಳನ್ನು ಸಿರಿಂಜ್ ಕಡೆಗೆ ತಿರುಗಿಸಿ.

ಟ್ಯಾಂಕಿನ ಇಂಕ್ ಮಟ್ಟ ಹೆಡ್‌ಗಿಂತ 2ರಿಂದ 5 ಸೆಂ.ಮೀ. ಕೆಳಗಿರಬೇಕು. ಹೆಡ್ ಜೊತೆ ಓಡಾಡುವ ಭಾಗಕ್ಕೆ ಮೆತ್ತನೆಯ ಸಿಲಿಕೋನ್ ಟ್ಯೂಬೇ ಬೇಕು. ಡ್ರಿಪ್ ಟ್ಯೂಬ್ ಅಲ್ಲಿ ಮಡಚಿಕೊಳ್ಳುತ್ತದೆ. ರಾತ್ರಿಯಿಡೀ ಬಿಟ್ಟು ನಾಝಲ್ ಚೆಕ್ (ಪರೀಕ್ಷೆಯ ಪುಟ) ಹಾಕಿ.